ಇವತ್ತ ಸಪ್ಪಳಾನ ಇಲ್ಲಲ್ಲ

ನಾನು ರೊಟ್ಟಿ ಬಡಿಯುವ ಮಣೆ. ಜಾತಿಯಲ್ಲಿ ಜಾಲಿ. ತೇಗದವರ ಹೊಳಪು ನನಗಿಲ್ಲ, ಗಂಧದವರ ಪರಿಮಳವೂ ಇಲ್ಲ. ಗಟ್ಟಿತನ ಒಂದಿದೆ, ಅದರ ಜಂಬವೂ ಇದೆ. ತಾಳಿಕೋಟೆಯ ಬಡಿಗೇರ ಕಾಳಪ್ಪ ನನ್ನನ್ನು ಕೆತ್ತುವಾಗ ಎರಡು ಸಲ ಉಳಿ ಮಸೆಯಬೇಕಾಯಿತು. "ಇದೇನ್ ಕಟ್ಟಿಗ್ಯೋ ಕಲ್ಲೋ" ಎಂದು ಬೈಯುತ್ತಲೇ ನನ್ನನ್ನು ದುಂಡಗೆ, ಸಪಾಟಾಗಿ ಮಾಡಿ, ಕೆಳಗೆ ಮೂರು ಮೋಟು ಕಾಲು ಬಿಟ್ಟ. ಮೂರು ಕಾಲಿದ್ದರೆ ಎಂಥ ನೆಲದ ಮೇಲೂ ಅಲುಗುವುದಿಲ್ಲ ಎನ್ನುವುದು ಅವನ ವಿಚಾರ. ನನ್ನ ಕಾಲಡಿಯ ನೆಲವೇ ಒಂದು ದಿನ ಬದಲಾಗುತ್ತದೆ ಎಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ನನ್ನನ್ನು ಮಾಡಿಸಿಕೊಂಡವಳು ನಿಂಬೆವ್ವ. ಒಂದು ಕಾಲು ಮಡಚಿ, ಇನ್ನೊಂದನ್ನು ಚಾಚಿ ಒಲೆಯ ಮುಂದೆ ಕುಳಿತಳೆಂದರೆ ಹದಿನೈದು ರೊಟ್ಟಿ ಆಗುವ ತನಕ ಏಳುತ್ತಿರಲಿಲ್ಲ. ರೊಟ್ಟಿ ಬಡಿಯುವುದಕ್ಕೆ ಒಂದು ನಡೆಯಿದೆ. ಮೊದಲು ನಿಧಾನವಾಗಿ ನಾಲ್ಕು ಏಟು, ರೊಟ್ಟಿ ಅಗಲವಾದಂತೆ ಚುರುಕು, ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ. ಆ ಹೊತ್ತಿನಲ್ಲಿ ರೊಟ್ಟಿ ಹಂಚಿನ ಮೇಲೆ ಹೋಗುತ್ತದೆ, ಅದರ ಮೈಗೆ ನೀರು ಸವರಬೇಕು, ಹೊರಳಿಸಬೇಕು. ಮತ್ತೆ ಇನ್ನೊಂದು ಉಂಡೆ, ಮತ್ತೆ ನಾಲ್ಕು ನಿಧಾನದ ಏಟು.

ಬೆಳಿಗ್ಗೆ ಐದೂವರೆಗೆಲ್ಲ ನಮ್ಮ ಓಣಿಯ ಪ್ರತಿ ಮನೆಯಲ್ಲೂ ಈ ಸಪ್ಪಳ. ಯಾರ ಕೈ ಯಾವುದು ಎಂದು ಎಲ್ಲರಿಗೂ ಗೊತ್ತು. ಗೋಡೆಯಾಚೆಯ ಮಾಬೂಬಿಯದು ಅವಸರದ ಕೈ. ಎದುರು ಮನೆಯವಳದು ಅರೆನಿದ್ದೆಯ ಕೈ. ನಮ್ಮ ನಿಂಬೆವ್ವನದು ತೂಕದ ಕೈ, ನನ್ನನ್ನು ಕೇಳಿದರೆ ಓಣಿಗೆಲ್ಲ ಅದೇ ಮೇಲು.

ಒಂದು ದಿನ ನಿಂಬೆವ್ವ ಹಿಟ್ಟು ಕಲಸುತ್ತಿದ್ದವಳು ತಲೆ ತಿರುಗಿ ಅಲ್ಲೇ ಒರಗಿದಳು. ಮಗ ಮಡಿವಾಳಪ್ಪ ಸರ್ಕಾರಿ ಬಸ್ಸಿನ ಡ್ರೈವರು, ಡ್ಯೂಟಿಗೆ ಹೋಗಿದ್ದ. ಹೊಸ ಸೊಸೆ ರಾಚವ್ವ ಆಗಿನ್ನೂ ತವರಿನಲ್ಲಿದ್ದಳು. ನಾನು ಮಗ್ಗುಲಲ್ಲೇ ಇದ್ದೆ, ಆದರೆ ನನಗೆ ನಾನೇ ಬಡಿದುಕೊಳ್ಳಲು ಬರುವುದಿಲ್ಲ. ಅಷ್ಟರಲ್ಲಿ ಗೋಡೆಯಾಚೆಯಿಂದ ಮಾಬೂಬಿಯ ದನಿ ಬಂತು. "ಯಾಕ ನಿಂಬೆವ್ವ, ಇವತ್ತ ಸಪ್ಪಳಾನ ಇಲ್ಲಲ್ಲ?" ಉತ್ತರ ಬರದಿದ್ದಾಗ ಅವಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ನಿಂಬೆವ್ವ ಉಳಿದಳು, ಮತ್ತೆ ನಾಲ್ಕು ವರ್ಷ ರೊಟ್ಟಿ ಬಡಿದಳು. ಆ ಊರಿನಲ್ಲಿ ಬದುಕಿದ್ದೇನೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ರೊಟ್ಟಿ ಬಡಿದರೆ ಸಾಕಿತ್ತು.

ನಿಂಬೆವ್ವ ಕಾಲವಾದ ಮೇಲೆ ನಾನು ರಾಚವ್ವನ ಕೈಗೆ ಬಂದೆ. ಅವಳದು ಮೆತ್ತಗಿನ ಕೈ, ಮೊದಮೊದಲು ನನಗೆ ರುಚಿಸಲಿಲ್ಲ. ಅವಳಿಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ಅವಳು ಯಾರೊಡನೆಯೂ ಮಾತಾಡುತ್ತಿರಲಿಲ್ಲ, ಆದರೆ ಯಾರಾದರೂ ಆ ಮಾತು ಎತ್ತಿ ಹೋದ ಮರುದಿನ ರೊಟ್ಟಿ ದಪ್ಪಗಾಗುತ್ತಿದ್ದವು. ಹೀಗೆ ಅವಳ ಒಳಗಿನದು ನನಗೆ ತಿಳಿಯುತ್ತ ಬಂತು. ಅವಳು ನನ್ನವಳಾದಳು.

ಆಮೇಲೆ ಮಡಿವಾಳಪ್ಪನಿಗೆ ಮಂಗಳೂರಿಗೆ ವರ್ಗವಾಯಿತು. ಸಾಮಾನು ಕಟ್ಟುವಾಗ ಅವನೆಂದ, "ಅದನ್ಯಾಕ ಹೊರತಿ? ಅಲ್ಲಿ ಮಂದಿ ಅನ್ನ ಉಣ್ತಾರ." ರಾಚವ್ವ ನನ್ನನ್ನು ಜೋಳದ ಚೀಲದೊಳಗೆ ತೂರಿಸಿದಳು. ಒಂದು ಹಗಲು, ಒಂದು ರಾತ್ರಿ ನಾನು ಊರಿನ ಜೋಳದಲ್ಲಿ ಹುಗಿದುಕೊಂಡೇ ಪ್ರಯಾಣ ಮಾಡಿದೆ.

ಬಸ್‌ ನಿಲ್ದಾಣಕ್ಕೆ ಹತ್ತಿರದ ಒಂದು ಗಲ್ಲಿಯಲ್ಲಿ, ಹಳೆಯ ಹೆಂಚಿನ ಮನೆಯ ಮಹಡಿ ನಮಗೆ ಸಿಕ್ಕಿತು. ನೆಲ ಮರದ ಹಲಗೆಯದು. ತಾಳಿಕೋಟೆಯಲ್ಲಿ ನಾನು ಸಗಣಿ ಸಾರಿಸಿದ ಮಣ್ಣಿನ ಮೇಲೆ ಕೂರುತ್ತಿದ್ದೆ; ಅದು ನನ್ನ ಏಟಿನ ಅರ್ಧವನ್ನು ತಾನೇ ನುಂಗುತ್ತಿತ್ತು. ಇಲ್ಲಿ ನೆಲವೂ ಮರ, ನಾನೂ ಮರ. ಆದರೂ ಆ ಹಲಗೆಗಳು ನನ್ನೊಡನೆ ಮಾತಾಡಲಿಲ್ಲ. ಅವು ಮಳೆಯಲ್ಲಿ ಹುಟ್ಟಿದ ಮರಗಳು, ನಾನು ಬಿಸಿಲಿನವನು.

ಮೊದಲ ವಾರದಲ್ಲೇ ನನ್ನ ಮೈ ಬಾತುಕೊಂಡಿತು. ನಮ್ಮೂರಲ್ಲಿ ಗಾಳಿ ಎಂದರೆ ಒಣ ಗಾಳಿ, ತೊಳೆದಿಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಒಣಗುತ್ತಿದ್ದೆ. ಇಲ್ಲಿ ಗಾಳಿಯೇ ಒದ್ದೆ. ಮೂರು ದಿನ ಬಿಟ್ಟರೆ ಮೈಮೇಲೆ ಬೂಷ್ಟು. ಊರಿನ ನೀರು ಸವಳು, ಇಲ್ಲಿಯದು ಸಿಹಿ. ಸಿಹಿ ನೀರಿನಲ್ಲಿ ಕಲಸಿದ ಹಿಟ್ಟು ರಾಚವ್ವನಿಗೆ ಸಪ್ಪೆ ಎನ್ನಿಸುತ್ತಿತ್ತು. ಗಿರಣಿಯವನು ಅಕ್ಕಿ ಬೀಸಿದ ಮೇಲೆಯೇ ಜೋಳ ಹಾಕುತ್ತಿದ್ದ. ಅಕ್ಕಿ ಬೆರೆತ ಹಿಟ್ಟು ಅಂಚಿನಲ್ಲಿ ಬಿರಿಯುತ್ತಿತ್ತು. ಬೀದಿಯ ಮಾತು ತುಳು ಇಲ್ಲವೇ ಕೊಂಕಣಿ. ಕನ್ನಡದಲ್ಲಿ ಮಾತಾಡಿದರೂ ಪುಸ್ತಕ ಓದಿದಂತೆ ಕೇಳಿಸುತ್ತಿತ್ತು. ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಬೆಳಗಿನ ಹೊತ್ತು. ರಾಚವ್ವ ಒಂದು ರೊಟ್ಟಿ ಬಡಿದು ಹಂಚಿಗೆ ಹಾಕಿ ಸುಮ್ಮನಾದಾಗ ಸುತ್ತ ಎಲ್ಲೂ ಇನ್ನೊಂದು ಮಣೆಯ ಸದ್ದಿರಲಿಲ್ಲ. ಅವಳು ಕಿವಿಗೊಟ್ಟು ಕೂರುವುದನ್ನು ನಾನು ಕಂಡಿದ್ದೇನೆ. ರೊಟ್ಟಿ ಹೊತ್ತುತ್ತಿತ್ತು, ಅವಳು ಕೂತೇ ಇರುತ್ತಿದ್ದಳು.

ಕೆಳಗಿನ ಮನೆಯಲ್ಲಿದ್ದವರು ಮನೆಯ ಒಡತಿ, ಸೆವೆರಿನ್ ಬಾಯಿ. ನಿವೃತ್ತ ಟೀಚರು, ಒಬ್ಬರೇ ಇದ್ದರು. ಹದಿನೈದು ದಿನ ತಾಳಿದರು. ಹದಿನಾರನೆಯ ದಿನ ನಾವು ಮೂರನೇ ರೊಟ್ಟಿಯಲ್ಲಿದ್ದಾಗ ಕೆಳಗಿನಿಂದ ನಮ್ಮ ನೆಲಕ್ಕೆ ಧಡ್ ಧಡ್ ಎಂದು ಏಟು ಬಿತ್ತು. ಜೇಡರ ಬಲೆ ತೆಗೆಯುವ ಉದ್ದ ಕೋಲಿನಿಂದ ಅವರು ತಮ್ಮ ಚಾವಣಿಗೆ ಕುಟ್ಟಿದ್ದರು. ಆಮೇಲೆ ಅವರೇ ಮೆಟ್ಟಿಲು ಹತ್ತಿ ಬಂದರು.

"ನೋಡಿ, ಬೆಳಿಗ್ಗೆ ಐದೂವರೆಗೆ ಎಂತ ಬಡಿಯುವುದು ನೀವು? ನನ್ನ ತಲೆಯ ಮೇಲೆಯೇ ಡೋಲು ಬಡಿದ ಹಾಗೆ ಆಗ್ತದೆ."

"ರೊಟ್ಟಿರಿ ಅಕ್ಕಾರ," ಎಂದಳು ರಾಚವ್ವ. ನಮ್ಮ ಕಡೆ ಶಾಲೆಯ ಟೀಚರಿಗೆ ಅಕ್ಕಾರು ಎನ್ನುವುದು ರೂಢಿ. "ನಮ್ಮವರು ಆರಕ್ಕ ಡ್ಯೂಟಿಗಿ ಹೋಗ್ತಾರ, ಬುತ್ತಿ ಕಟ್ಟಬೇಕ್ರಿ."

"ಚಪಾತಿ ಲಟ್ಟಿಸ್ಬಹುದಲ್ಲ? ಅದಕ್ಕೆ ಶಬ್ದ ಇಲ್ಲ."

ರಾಚವ್ವ ಮರುದಿನ ಒಂದು ಕೌದಿಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಅಡಿಗೆ ಹಾಸಿದಳು. ತವರಿನಿಂದ ತಂದ ಕೌದಿ, ಹಳೆಯ ಸೀರೆಗಳನ್ನು ಸೇರಿಸಿ ಅವಳ ತಾಯಿ ಹೊಲಿದದ್ದು. ಅವಳಿಗೆ ಅದು ಜಾಣತನ ಎನ್ನಿಸಿತು. ನನಗೆ ಯಾರೋ ಬಾಯಿಗೆ ಬಟ್ಟೆ ತುರುಕಿದ ಹಾಗಾಯಿತು. ಬಡಿದರೆ ಮೂಗಿನಲ್ಲಿ ಗೊಣಗಿದಷ್ಟು ಸದ್ದು. ಕೆಳಗಿನ ಕೋಲು ಸುಮ್ಮನಾಯಿತು. ಓಣಿಯ ಅರ್ಧಕ್ಕೆ ಕೇಳುತ್ತಿದ್ದ ನಾವು ನಮ್ಮ ಅಡುಗೆಮನೆಯ ಬಾಗಿಲನ್ನೂ ದಾಟದಂತಾದೆವು.

ಹೀಗೆ ಎಂಟು ತಿಂಗಳು ಕಳೆದವು. ಮಡಿವಾಳಪ್ಪನಿಗೆ ಬೆಂಗಳೂರಿನ ಬಸ್ಸಿನ ಡ್ಯೂಟಿ ಬಿತ್ತು; ಹೋದರೆ ಮರುದಿನವೇ ಬರುವುದು. ರಾಚವ್ವ ಕೆಲವು ದಿನ ಹಾಲಿನವನ ಹೊರತು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ರೊಟ್ಟಿ ಬಡಿಯುತ್ತ ನನಗೆ ಊರಿನ ಸುದ್ದಿ ಹೇಳುತ್ತಿದ್ದಳು, ನನಗೇ ಗೊತ್ತಿದ್ದ ಸುದ್ದಿ. "ಮಾಬೂಬಿ ಈಗ ಎದ್ದಿರತಾಳ ನೋಡು," ಎನ್ನುತ್ತಿದ್ದಳು. ಒಮ್ಮೆ ಮಾತ್ರ ಬೇರೆ ಮಾತು ಬಂತು. "ನಾ ಇಲ್ಲಿ ಸತ್ತರ ಯಾರಿಗಿ ತಿಳೀತೈತಿ?" ಕೈ ನಿಲ್ಲಿಸದೆ ಅಂದಳು. ಆ ದಿನದ ರೊಟ್ಟಿ ಒಂದೂ ಉಬ್ಬಲಿಲ್ಲ.

ಮಳೆಗಾಲದ ಒಂದು ಬೆಳಿಗ್ಗೆ ಅಟ್ಟದ ಮೇಲಿನ ಹಿಟ್ಟಿನ ಡಬ್ಬಿ ತೆಗೆಯಲು ಅವಳು ಸ್ಟೂಲು ಹತ್ತಿದಳು. ಸ್ಟೂಲು ಜಾರಿತು. ಅವಳು ಬಿದ್ದಳು, ಡಬ್ಬಿಯೂ ಬಿತ್ತು. ಹೆಂಚಿನ ಮೇಲೆ ಮಳೆ ಸುರಿಯುತ್ತಿದ್ದ ಅಬ್ಬರದಲ್ಲಿ ಆ ಸದ್ದು ಯಾರಿಗೂ ಕೇಳಿಸಲಿಲ್ಲ. ತೊಡೆಯ ಎಲುಬು ಮುರಿದಿತ್ತು. "ಯವ್ವಾ" ಎಂದು ಕೂಗಿದಳು, "ಅಕ್ಕಾರ" ಎಂದು ಕೂಗಿದಳು. ಮನೆಗಿದ್ದ ಒಂದೇ ಮೊಬೈಲು ಮಡಿವಾಳಪ್ಪನ ಜೇಬಿನಲ್ಲಿತ್ತು. ಅವನು ಬರುವುದು ಮರುದಿನ. ಹಿಟ್ಟು ಅವಳ ಕೂದಲ ತುಂಬ ಚೆಲ್ಲಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವಳ ಕಣ್ಣು ನನ್ನ ಕಡೆ ತಿರುಗಿತು. ಮೊಣಕೈ ಊರಿ ತೆವಳಿಕೊಂಡು ಬಂದಳು. ಬರುವ ಮೂರ್ನಾಲ್ಕು ಮೊಳದ ದಾರಿಯಲ್ಲಿ ಮೂರು ಸಲ ನಿಂತಳು. ನನ್ನ ಅಡಿಯ ಕೌದಿಯನ್ನು ಎಳೆದು ಎಸೆದಳು. ಎಂಟು ತಿಂಗಳ ಮೇಲೆ ನನ್ನ ಮೂರು ಕಾಲು ಹಲಗೆಗೆ ತಾಗಿದವು. ಎರಡೂ ಕೈಯಿಂದ ಬಡಿದಳು. ಮೆತ್ತಗಿನ ಕೈ ಎಂದೆನಲ್ಲ, ಆ ದಿನ ಅದು ನಿಂಬೆವ್ವನ ಕೈಯನ್ನೂ ಮೀರಿಸಿತು. ನಾನು ನನ್ನಲ್ಲಿದ್ದ ದನಿಯನ್ನೆಲ್ಲ ಕೊಟ್ಟೆ.

ಕೆಳಗಿನಿಂದ ಉತ್ತರ ಬಂತು. ಧಡ್ ಧಡ್. ಅದೇ ಕೋಲು, ಸುಮ್ಮನಿರಿ ಎನ್ನುವ ಅದೇ ಏಟು.

ರಾಚವ್ವ ಅತ್ತಳು. ಅತ್ತುಕೊಂಡೇ ಬಡಿದಳು. ಕೋಲು ಇನ್ನೊಮ್ಮೆ ಕುಟ್ಟಿತು. ಅವಳು ನಿಲ್ಲಿಸಲಿಲ್ಲ. ನನ್ನ ಎದೆಯ ನಡುವೆ ಏನೋ ಚಟ್ ಎಂದಿತು, ಅಂಚಿನಿಂದ ಅಂಚಿಗೆ ಬಿರುಕು ಓಡಿತು. ಆಗ ಕೆಳಗಿನ ಕೋಲು ನಿಂತಿತು, ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಹಾಲು ತೆಗೆದುಕೊಂಡ ಮೇಲೆ ಬಾಗಿಲ ಅಗಳಿ ಹಾಕಿರಲಿಲ್ಲ, ಅದೊಂದು ಪುಣ್ಯ.

ಆಸ್ಪತ್ರೆಯಿಂದ ಬಂದ ಮೇಲೆ ರಾಚವ್ವ ಕೇಳಿದಳು, "ನಿಮಗ ಹೆಂಗ ತಿಳೀತ್ರಿ ಅಕ್ಕಾರ?"

"ಮೊದಲು ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ," ಎಂದರು ಸೆವೆರಿನ್ ಬಾಯಿ. "ಮತ್ತೆ ನೋಡಿದರೆ ನೀವು ನಿಲ್ಲಿಸುವುದೇ ಇಲ್ಲ. ರೊಟ್ಟಿ ಆದರೆ ಸ್ವಲ್ಪ ಬಡಿದು ನಿಲ್ಲಿಸ್ತೀರಿ ಅಲ್ವಾ, ಹಂಚಿಗೆ ಹಾಕ್ಲಿಕ್ಕೆ. ನೀವು ಬಂದ ಹೊಸತರಲ್ಲಿ ಹದಿನೈದು ದಿನ ಮಲಗಿದಲ್ಲೇ ಅದನ್ನು ಲೆಕ್ಕ ಮಾಡ್ತಾ ಇದ್ದೆ ನಾನು. ಇದು ರೊಟ್ಟಿ ಅಲ್ಲ ಅಂತ ಗೊತ್ತಾಯ್ತು."

ನಾನು ಅವರ ಮೇಲೆ ಇಟ್ಟುಕೊಂಡಿದ್ದ ಸಿಟ್ಟು ಆ ದಿನ ಇಳಿಯಿತು. ಬೈದುಕೊಂಡಾದರೂ ನಮ್ಮ ನಡೆಯನ್ನು ಕೇಳಿಸಿಕೊಂಡವರು ಆ ಊರಿನಲ್ಲಿ ಅವರೊಬ್ಬರೇ.

ರಾಚವ್ವನಿಗೆ ಮತ್ತೆ ನೆಲದ ಮೇಲೆ ಕೂರಲು ಆಗಲಿಲ್ಲ. ಬಿರುಕು ಬಿಟ್ಟ ನನ್ನ ಮೇಲೆ ರೊಟ್ಟಿಯೂ ಆಗುತ್ತಿರಲಿಲ್ಲ. ಊರಿನಿಂದ ಬರುವವರು ಒಣ ರೊಟ್ಟಿ ತಂದುಕೊಡತೊಡಗಿದರು. ನನ್ನನ್ನು ಒಲೆಗೆ ಹಾಕಬಹುದಿತ್ತು, ಆದರೆ ಸೆವೆರಿನ್ ಬಾಯಿ ಹೊಸ ಕೆಲಸ ಹಚ್ಚಿದರು. "ಬೆಳಿಗ್ಗೆ ಎದ್ದ ಕೂಡಲೇ ಆ ಮಣೆಗೆ ಮೂರು ಸಲ ಬಡೀರಿ, ರಾಚಮ್ಮ. ನಾನು ಇಗರ್ಜಿಯ ಪೂಜೆಗೆ ಹೋಗುವ ಮೊದಲು ಕೋಲಿನಲ್ಲಿ ಕುಟ್ತೇನೆ. ನಮಗಿಬ್ಬರಿಗೂ ಯಾರಿದ್ದಾರೆ ಹೇಳಿ."

ಅಂದಿನಿಂದ ರಾಚವ್ವ ಕುರ್ಚಿಯ ಮೇಲೆ ಕುಳಿತು ಊರುಗೋಲಿನಿಂದ ನನ್ನ ಮೇಲೆ ಮೂರು ಏಟು ಹಾಕುವಳು. ಕೆಳಗಿನಿಂದ ಮೂರು ಏಟು ಬರುವುದು. ಅಷ್ಟೇ. ಅವರಿಬ್ಬರು ಬಹಳ ಮಾತಾಡುತ್ತಿರಲಿಲ್ಲ, ಮಾತಾಡಿದರೂ ಒಬ್ಬರದು ಇನ್ನೊಬ್ಬರಿಗೆ ಪೂರ್ತಿ ಹಿಡಿಸುತ್ತಿರಲಿಲ್ಲ. ಒಡೆದ ನನ್ನ ದನಿ ಬೊಕ್ಕಬಾಯಿಯವರ ಮಾತಿನಂತೆ ಗಾಳಿ ಸೇರಿ ಬರುತ್ತಿತ್ತು. ಹನ್ನೊಂದು ವರ್ಷ ಹೀಗೆ ನಡೆಯಿತು.

ನಡುವೆ ಒಮ್ಮೆ ರಾಚವ್ವ ತಾಳಿಕೋಟೆಗೆ ಎಂಟು ದಿನಕ್ಕೆ ಎಂದು ಹೋದವಳು ನಾಲ್ಕೇ ದಿನಕ್ಕೆ ಬಂದಳು. ಮಾಬೂಬಿ ತೀರಿಕೊಂಡಿದ್ದಳಂತೆ. ಸೆವೆರಿನ್ ಬಾಯಿಗೆ ಅವಳು ಹೇಳಿದ್ದನ್ನು ನಾನು ಕೇಳಿದೆ. "ಓಣ್ಯಾಗ ರೊಟ್ಟಿ ಮಷೀನು ಬಂದೈತ್ರಿ ಅಕ್ಕಾರ. ಎಲ್ಲಾರೂ ಅಲ್ಲೇ ತರತಾರ. ಐದಕ್ಕ ಎದ್ದು ಕುಂತ್ರ, ಒಂದ ಸಪ್ಪಳ ಇಲ್ಲ. ನಂಗ ಅಲ್ಲಿ ನಿಮ್ಮ ಕೋಲಿನ ನೆನಪ ಬಂತು." ನಾನು ಮೂಲೆಯಲ್ಲಿದ್ದವನು ಇನ್ನಷ್ಟು ಮೂಲೆಗೆ ಸರಿದಂತಾಯಿತು. ಅಷ್ಟು ವರ್ಷ ಈ ಊರನ್ನು ಆ ಊರಿನೊಡನೆ ಅಳೆದು ಅಳೆದು ಬೈದಿದ್ದೆ. ನಾನು ಅಳೆಯುತ್ತಿದ್ದ ಊರು ಅಲ್ಲಿ ಇರಲೇ ಇಲ್ಲ.

ಕಳೆದ ಜನವರಿಯ ಒಂದು ಬೆಳಿಗ್ಗೆ ರಾಚವ್ವ ಮೂರು ಏಟು ಹಾಕಿದಳು. ಕೆಳಗಿನಿಂದ ಏನೂ ಬರಲಿಲ್ಲ. ಇನ್ನೊಮ್ಮೆ ಹಾಕಿದಳು. ಮಡಿವಾಳಪ್ಪ ಡ್ಯೂಟಿಯಲ್ಲಿದ್ದ, ನಿವೃತ್ತಿಗೆ ಇನ್ನು ಎರಡು ವರ್ಷ ಬಾಕಿ ಇತ್ತು. ಅವಳು ಊರುಗೋಲು ಹಿಡಿದು, ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದಳು. ಕೆಳಗಿನ ಬಾಗಿಲು ತಟ್ಟಿದ್ದು ನನಗೆ ಹಲಗೆಯೊಳಗಿಂದ ಕೇಳಿಸಿತು. ಆಮೇಲೆ ಅವಳ ದನಿ ಕೇಳಿಸಿತು.

"ಯಾಕ್ರಿ ಅಕ್ಕಾರ, ಇವತ್ತ ಸಪ್ಪಳಾನ ಇಲ್ಲಲ್ಲ?"

ಈ ಊರಿಗೆ ಬಂದ ಮೇಲೆ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಅದಕ್ಕೆ ಉತ್ತರ ಬರಲಿಲ್ಲ. ಅಕ್ಕಪಕ್ಕದವರನ್ನು ಕರೆದು ಬಾಗಿಲು ತೆಗೆಸಿದಳು. ಸೆವೆರಿನ್ ಬಾಯಿ ನಿದ್ದೆಯಲ್ಲೇ ಹೋಗಿದ್ದರು. ಮಧ್ಯಾಹ್ನ ಬಂದ ಅವರ ತಂಗಿಯ ಮಗ ಮೆಟ್ಟಿಲ ಮೇಲೆ ಯಾರಿಗೋ ಹೇಳುತ್ತಿದ್ದ, "ಮೇಲಿನವರಿಗೆ ಕೂಡಲೇ ಗೊತ್ತಾಯ್ತು, ಇಲ್ಲದಿದ್ರೆ ನಮಗೆ ಭಾನುವಾರ ಬಂದಾಗಲೇ ತಿಳಿಯುವುದು." ಅವನು ಅವರ ನೆನಪಿಗೆ ಏನು ಬೇಕು ಎಂದು ಕೇಳಿದಾಗ ರಾಚವ್ವ ಆ ಬಲೆ ತೆಗೆಯುವ ಕೋಲನ್ನು ಕೇಳಿ ಪಡೆದಳು. ಈಗ ಅದು ನನ್ನ ಪಕ್ಕದಲ್ಲೇ ಗೋಡೆಗೆ ಒರಗಿ ನಿಂತಿದೆ. ಹನ್ನೊಂದು ವರ್ಷ ಹಲಗೆಯ ಆಚೀಚೆ ಇದ್ದವರು ಈಗ ಅಕ್ಕಪಕ್ಕ.

"ರಿಟೈರ್ ಆದ ಮ್ಯಾಲ ಊರಿಗಿ ಹೋಗಿಬಿಡೂಣೇನು?" ಎಂದು ಮಡಿವಾಳಪ್ಪ ಮೊನ್ನೆ ಕೇಳಿದ.

"ಅಲ್ಲಿ ಯಾರ ಕೇಳತಾರ?" ಎಂದಳು ರಾಚವ್ವ. ಗೋಡೆಗೆ ಒರಗಿದ ಕೋಲನ್ನು ನೆಟ್ಟಗೆ ಮಾಡುತ್ತ ಅಂದಳು, "ಇಲ್ಲೂ ಈಗ ಯಾರದಾರ."

ಕೆಳಗಿನ ಮನೆಗೆ ಬೀಗ ಬಿದ್ದಿದೆ. ನನ್ನ ಬಿರುಕು ಅಗಲವಾಗಿದೆ, ಒಂದು ಕಾಲು ಸಡಿಲವಾಗಿದೆ. ಕಾಳಪ್ಪ ಇದ್ದಿದ್ದರೆ ಬೈದುಕೊಂಡೇ ಒಂದು ಬೆಣೆ ಹೊಡೆಯುತ್ತಿದ್ದ. ಇಂದು ಬೆಳಿಗ್ಗೆಯೂ ರಾಚವ್ವ ಎದ್ದು, ಕುರ್ಚಿ ಎಳೆದುಕೊಂಡು, ನನ್ನ ಮೇಲೆ ಮೂರು ಏಟು ಹಾಕಿದಳು. ಉತ್ತರ ಬರುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತು. ಆದರೂ ಒಂದು ರೊಟ್ಟಿ ಬೇಯುವಷ್ಟು ಹೊತ್ತು ಅವಳು ಕಿವಿಗೊಟ್ಟು ಕುಳಿತಳು. ಆಮೇಲೆ ಎದ್ದು ಚಹಾಕ್ಕೆ ನೀರಿಟ್ಟಳು.