‘ಟಕ್’ ಸದ್ದಿನ ತಕರಾರು

ಕೀಬೋರ್ಡಿನ ರೆಕಾರ್ಡ್ ಗುಂಡಿ ಒತ್ತಿದರೆ ‘ಟಕ್’ ಎನ್ನುತ್ತಿತ್ತು. ಹೆಡ್‌ಫೋನ್ ಹಾಕಿಕೊಂಡು ಬೆಕ್ಕಿನ ಹೆಜ್ಜೆಯಂತೆ ನುಡಿಸಿದರೂ ಆ ಒಂದು ಸದ್ದಿಗೆ ಪುಟ್ಟಿ ತೊಟ್ಟಿಲಲ್ಲಿ ಕಣ್ಣು ಬಿಟ್ಟುಬಿಡುತ್ತಿದ್ದಳು. ಅವಳ ತಾಯಿ ಗುಂಡಿಯ ಮೇಲೆ ಬಟ್ಟೆ ಮಡಚಿಟ್ಟಳು, ಸುತ್ತ ಹತ್ತಿ ತುರುಕಿದಳು. ಏನೂ ಪ್ರಯೋಜನವಾಗಲಿಲ್ಲ. ಮಗು ಮಲಗಿದ ಹೊತ್ತೇ ಅವಳಿಗೆ ಕೆಲಸದ ಹೊತ್ತು. ಬಾಣಂತನದ ನಂತರ ಸಿಕ್ಕ ಮೊದಲ ಕೆಲಸ, ಒಂದು ನಾಟಕದ ಸಂಗೀತ, ಅರ್ಧಕ್ಕೇ ನಿಂತಿತ್ತು. ಇದೂ ಕೈಬಿಟ್ಟರೆ ಮತ್ತೆ ಯಾರೂ ಕರೆಯಲಾರರು.

ಕಂಪನಿಯ ವೆಬ್‌ಸೈಟಿನಲ್ಲಿ ಬಳಕೆದಾರರು ಸಲಹೆ ಕೊಡುವ ಜಾಗವಿತ್ತು. ‘ಗುಂಡಿಯ ಸದ್ದಿಗೆ ನನ್ನ ಮಗು ಏಳುತ್ತದೆ. ಅದರ ಬದಲು ಎಡತುದಿಯ ಕೀ ಒತ್ತಿ ಹಿಡಿದರೂ ರೆಕಾರ್ಡ್ ಶುರುವಾಗಲಿ. ಮುಂದಿನ ಅಪ್‌ಡೇಟಿನಲ್ಲಿ ದಯವಿಟ್ಟು ಸೇರಿಸಿ’ ಎಂದು ಬರೆದಿದ್ದಳು. ಸಾಕಷ್ಟು ಜನ ಬೆಂಬಲಿಸಿದರೆ ಮಾತ್ರ ಸಲಹೆ ಎಂಜಿನಿಯರುಗಳ ತನಕ ಹೋಗುತ್ತಿತ್ತು. ತಿಂಗಳಾದರೂ ಬೆಂಬಲಿಸಿದವರು ಇಬ್ಬರೇ.

ಒಂದು ಸಂಜೆ ನೋಡಿದರೆ ಹೊಸದಾಗಿ ನಲವತ್ತು ಜನ! ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ, ಏಕೆಂದರೆ ಎಲ್ಲರೂ ಬರೆದಿದ್ದು ಒಂದೇ ಮಾತು: ‘ಈ ತಾಯಿಯ ಕೋರಿಕೆ ನ್ಯಾಯವಾದದ್ದು, ನನಗೂ ಇದು ಬೇಕೇ ಬೇಕು.’ ಅದರ ಬೆನ್ನಿಗೇ ಕಂಪನಿಯ ಸಂದೇಶವೂ ಬಂತು. ಇವು ಸುಳ್ಳು ಖಾತೆಗಳೆಂಬ ಅನುಮಾನವಿದೆ, ನಾಳೆ ಫೋನ್ ಮಾಡುತ್ತೇವೆ, ಅನುಮಾನ ನಿಜವಾದರೆ ಸಲಹೆಯನ್ನೇ ಕಿತ್ತುಹಾಕುತ್ತೇವೆ.

ಅವಳ ಕಣ್ಣು ಮೊದಲು ಗಂಡನ ಮೇಲೆ ಬಿತ್ತು.

“ರೀ, ಇದು ನಿಮ್ಮ ಕೆಲಸಾನಾ?”

“ನಂಗೆ ನಿನ್ನ ಕೀಬೋರ್ಡ್ ಆನ್ ಮಾಡೋಕೇ ಬರಲ್ಲ ಮಾರಾಯ್ತಿ. ನಲವತ್ತು ಜನ ಆಗೋಕೆ ನಾನೇನು ರಾವಣನಾ? ಅವನಿಗೂ ಹತ್ತೇ ತಲೆ.”

ಬಟ್ಟೆ ಮಡಚುತ್ತಿದ್ದ ಅತ್ತೆ ಯಾರೂ ಕೇಳದೆಯೇ, “ನಾನಂತೂ ಏನೂ ಮಾಡಿಲ್ಲಪ್ಪ” ಎಂದರು.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡ್ರಂತೆ” ಎಂದು ಗಂಡ ನಕ್ಕ. “ಅಮ್ಮಾ, ಬಾಯಿಬಿಡು.”

ಅತ್ತೆ ಮೂವತ್ತು ವರ್ಷ ವೃಂದಗಾನ ಕಲಿಸಿದವರು. ಅವರು ಒಂದು ಸಾಲು ಹೇಳಿದರೆ ಶಿಷ್ಯೆಯರು ಹಾಗೇ ಒಪ್ಪಿಸಬೇಕು. ಒಂದಕ್ಷರ ಆಚೀಚೆಯಾದರೂ ಬೈಗುಳ. ಈಗಲೂ ಅದೇ ಪಾಠ ನಡೆದಿತ್ತು, ಫೋನಿನಲ್ಲಿ: ನಲವತ್ತು ಶಿಷ್ಯೆಯರಿಗೆ ಒಂದೇ ಸಾಲು.

“ನಿಮ್ಮ ನಿಮ್ಮ ಮಾತಲ್ಲೇ ಬರೀರಿ ಅನ್ನಬಾರದಿತ್ತಾ, ಅತ್ತೆ?”

“ಅವರವರ ಮಾತಲ್ಲಿ ಹಾಡಿದ್ರೆ ಅದು ವೃಂದಗಾನ ಆಗುತ್ತೇನೇ? ಸಂತೆ ಆಗುತ್ತೆ.”

ಮರುದಿನ ಪುಟ್ಟಿ ಆಗಷ್ಟೇ ನಿದ್ದೆಗೆ ಜಾರಿದ್ದಳು. ಒಂದು ಕೈ ತೊಟ್ಟಿಲ ಮೇಲಿರುವಾಗಲೇ ಫೋನ್ ಅದುರಿತು.

“ಯಾಕಮ್ಮ ಪಿಸುಗುಟ್ತಿದ್ದೀರಿ?” ಕಂಪನಿಯವನ ಗಂಟಲು ದೊಡ್ಡದು. “ಪಕ್ಕದಲ್ಲಿ ಯಾರಾದ್ರೂ ಹೇಳಿಕೊಡ್ತಿದ್ದಾರಾ?”

“ಮಗು ಮಲಗಿದೆ ಸರ್.”

“ಓಹೋ, ಸರಿಯಾಗಿ ಈಗಲೇ ಮಲಗ್ತಾ? ಇರಲಿ. ಆ ನಲವತ್ತು ಜನ ಯಾರು?”

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. “ನಮ್ಮತ್ತೆ ಶಿಷ್ಯೆಯರು. ಜನ ನಿಜ. ಆದ್ರೆ ನಿಮ್ಮ ಕೀಬೋರ್ಡ್ ಇರೋದು ಅವರಲ್ಲಿ ಒಬ್ಬರ ಹತ್ರ ಮಾತ್ರ. ಮೊದಲಿನ ಇಬ್ಬರನ್ನ ಸೇರಿಸಿದ್ರೆ ಮೂರು.”

“ಮೂರೇ ಜನಕ್ಕೆ ಯಾರು ಅಪ್‌ಡೇಟ್ ಮಾಡ್ತಾರೆ? ಅದೂ ಗುಂಡಿ ಸದ್ದಿಗೆ ಮಗು ಏಳುತ್ತೆ ಅಂದ್ರೆ… ಮಗುನೂ ಚಿವುಟಿ ತೊಟ್ಟಿಲೂ ತೂಗೋರನ್ನ ನಾನು ಬೇಕಾದಷ್ಟು ನೋಡಿದ್ದೀನಿ. ಎಲ್ಲಿ, ಗುಂಡಿ ಒತ್ತಿ. ಮಗು ಎದ್ರೆ ನಂಬ್ತೀನಿ.”

ಕೀಬೋರ್ಡ್ ಕೈಗೆಟುಕುವಷ್ಟು ಹತ್ತಿರವಿತ್ತು. ಒಂದು ‘ಟಕ್’ ಸಾಕಿತ್ತು. ಅವಳು ಬೆರಳನ್ನು ಗುಂಡಿಯವರೆಗೂ ಒಯ್ದಳು. ಪುಟ್ಟಿಯ ತುಟಿ ನಿದ್ದೆಯಲ್ಲೇ ಹಾಲು ಚೀಪುತ್ತಿತ್ತು.

“ಆಗಲ್ಲ ಸರ್.”

“ಏನಾಗಲ್ಲ?”

“ಒತ್ತಲ್ಲ. ಬೆಳಿಗ್ಗೆಯಿಂದ ಅತ್ತು ಅತ್ತು ಈಗ ಮಲಗಿದ್ದಾಳೆ. ನಂಬೋದು ಬಿಡೋದು ನಿಮಗೆ ಸೇರಿದ್ದು. ಬೇಕಾದ್ರೆ ನನ್ನ ಸಲಹೆ ತೆಗೆದುಹಾಕಿ.”

ಆಮೇಲೆ ಅವನೇನೋ ಹೇಳಿದ. ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿಸಿಕೊಳ್ಳಬೇಕಾಯಿತು.

ಬಾಗಿಲ ಸಂದಿಯಿಂದ ಅತ್ತೆ ಇಣುಕಿದರು. “ಏನಂತೆ?”

“ಎಂಜಿನಿಯರ್ ಹತ್ರ ತಾನೇ ಮಾತಾಡ್ತಾನಂತೆ.”

“ಅವನ ಮಾತು ನಂಬಬಹುದೇನೇ?”

“ಗೊತ್ತಿಲ್ಲ ಅತ್ತೆ. ಆದ್ರೆ ಕೊನೇಲಿ ಅವನೂ ಪಿಸುಗುಟ್ಟಿದ.”