ಖಾಲಿ ಗೂಡುಗಳ ಪಟ್ಟಿ

ಬೆಳಿಗ್ಗೆ ಎಂಟು ಗಂಟೆಗೇ ಗೂಡಮ್ಮನ ಪಿತ್ತ ನೆತ್ತಿಗೇರಿತು. ಗೂಡಮ್ಮ ಎಂಬುದು ಕಟ್ಟಡದ ಕೆಲಸದವರು ಇಟ್ಟ ಹೆಸರು. ಅವಳು ಕಲಾವಿದೆ, ಆದರೆ ಕುಂಚ ಹಿಡಿದವಳಲ್ಲ. ಓದಿದ್ದು ಕಟ್ಟಡ ವಿನ್ಯಾಸ, ತಾನಾಗಿ ಕಲಿತದ್ದು ಪ್ರೋಗ್ರಾಮು ಬರೆಯುವುದು, ಹೊಟ್ಟೆಯೊಳಗೆ ಇಟ್ಟುಕೊಂಡದ್ದು ಒಂದೇ ಸಂಕಟ: ಊರಿಗೆ ಊರೇ ಗಾಜಿನ ಗೋಡೆಯಾದರೆ, ತೂತಿನಲ್ಲಿ ಗೂಡು ಕಟ್ಟುವ ಹಕ್ಕಿ ಎಲ್ಲಿಗೆ ಹೋಗಿ ಸಾಯಬೇಕು? ಅದಕ್ಕೇ ಅಕ್ಕ ವಿನ್ಯಾಸ ಮಾಡಿದ ಹೊಸ ಗ್ರಂಥಾಲಯದ ಒಂದು ಗೋಡೆಯನ್ನು ಜಗಳವಾಡಿ ಇಸಿದುಕೊಂಡು, ಇಟ್ಟಿಗೆಯ ನಡುವೆ ನಲವತ್ತು ಗೂಡಿಗೆ ತೂತು ಬಿಡಿಸಿದ್ದಳು. ಒಂದೊಂದರಲ್ಲೂ ಕಡಲೆಕಾಳಿನಷ್ಟು ಎರಡು ಸೆನ್ಸರ್. ಒಂದು ಅಲುಗಾಟ ನೋಡಲು, ಇನ್ನೊಂದು ಇಟ್ಟಿಗೆ ಎಷ್ಟು ಕಾಯುತ್ತದೆಂದು ತಿಳಿಯಲು. ಹೊರಗೆ ಹಕ್ಕಿ ಅಲುಗಿದರೆ ಒಳಗೆ ಓದುವ ಕೋಣೆಯ ಗೋಡೆಯಲ್ಲಿ ಒಂದು ಪುಟ್ಟ ದೀಪ ಹೊತ್ತಿಕೊಳ್ಳುತ್ತಿತ್ತು.

ಉದ್ಘಾಟನೆ ಅಂದೇ ಹನ್ನೊಂದಕ್ಕೆ. ಖಾಲಿ ಗೂಡಿನಲ್ಲಿ ಕಣಜ ಸೇರಿಕೊಂಡು ಬಂದವರನ್ನು ಕಚ್ಚೀತು, ಮುಚ್ಚಿಸು ಎಂದು ಅಕ್ಕ ವಾರದಿಂದ ತಲೆ ತಿಂದಿದ್ದಳು. ಖಾಲಿಯವನ್ನು ಮಾತ್ರ, ಅದೂ ಸದ್ಯಕ್ಕೆ ಮಾತ್ರ ಎಂದು ತಂಗಿ ಒಪ್ಪಿದ್ದಳು. ಹಿಂದಿನ ದಿನ ಮಧ್ಯಾಹ್ನ ಗಾರೆ ಮೇಸ್ತ್ರಿ ಇಪ್ಪತ್ತು ಗೂಡುಗಳ ಬಾಯಿಗೆ ಗಾರೆ ಮೆತ್ತಿ ಮುಗಿಸಿದ್ದ. ಈಗ ಲ್ಯಾಪ್‌ಟಾಪ್ ತೆರೆದು ನೋಡಿದರೆ, ಆ ಇಪ್ಪತ್ತರಲ್ಲಿ ಏಳು ಗೂಡು ಮೂವತ್ತಾರು ಡಿಗ್ರಿ ತೋರಿಸುತ್ತಿವೆ. ಉಳಿದ ಗೋಡೆಯೆಲ್ಲ ಇಪ್ಪತ್ತೊಂದು. ಇನ್ನೂ ಎರಡು ಗೂಡು ನಿನ್ನೆ ಸಂಜೆವರೆಗೆ ಮೂವತ್ತಾರರಲ್ಲೇ ಇದ್ದು, ಆಮೇಲೆ ಮೆಲ್ಲಮೆಲ್ಲಗೆ ಇಪ್ಪತ್ತೊಂದಕ್ಕೆ ಇಳಿದಿದ್ದವು. ಇಟ್ಟಿಗೆಗೇನು ಜ್ವರ ಬರುತ್ತದೆಯೇ? ಒಳಗೆ ಜೀವ ಇತ್ತು.

ಅವಳು ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಮೇಸ್ತ್ರಿ ಗೋಡೆಯ ಬುಡದಲ್ಲಿ ಕರಣೆ ತೊಳೆಯುತ್ತಿದ್ದ.

"ಕಣ್ಣು ಎಲ್ಲಿಟ್ಕೊಂಡಿದ್ರಿ ಮೇಸ್ತ್ರಿ? ಹಕ್ಕಿ ಇರೋ ಗೂಡಿಗೆಲ್ಲ ಗಾರೆ ಮೆತ್ತಿದ್ದೀರಲ್ಲ, ಕೈಯಾದ್ರೂ ಹೇಗೆ ಬಂತು ನಿಮಗೆ? ನಿಮ್ಮಂಥೋರನ್ನ ನಂಬಿ ಗೋಡೆ ಬಿಟ್ಟೆನಲ್ಲ, ನನಗೆ ಬುದ್ಧಿ ಇಲ್ಲ." ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಅವನ ನರೆತ ತಲೆಯನ್ನೂ ನೋಡಲಿಲ್ಲ.

ಮೇಸ್ತ್ರಿ ಕೈ ಒರೆಸಿಕೊಂಡು ಜೇಬಿನಿಂದ ಮಡಚಿದ ಕಾಗದ ತೆಗೆದ. "ನೀವೇ ಕೊಟ್ಟ ಪಟ್ಟಿ. ಒಂದು ನಂಬರ್ ಹೆಚ್ಚುಕಮ್ಮಿ ಆಗಿದ್ರೆ ಹೇಳಿ."

ಅವಳು ಬೆರಳಿಟ್ಟು ನೋಡಿದಳು. ಮೂರು, ಎಂಟು, ಹದಿನಾಲ್ಕು. ಎಲ್ಲ ಸರಿಯಾಗಿತ್ತು. ಆ ಪಟ್ಟಿಯನ್ನು ಅವಳ ಪ್ರೋಗ್ರಾಮೇ ತಯಾರಿಸಿತ್ತು.

"ಅಲುಗಾಟ ಇಲ್ಲದಿದ್ರೆ ಮಾತ್ರ ಪಟ್ಟಿಗೆ ಬರೋದು," ಎಂದಳು. ದನಿ ಅಷ್ಟರಲ್ಲೇ ಇಳಿದಿತ್ತು. "ಹಗಲಲ್ಲಿ ನಾಲ್ಕು ಗಂಟೆ ಅಲುಗಲಿಲ್ಲ ಅಂದ್ರೆ ಖಾಲಿ ಅಂತ ಬರೆದಿದ್ದೀನಿ."

"ಕಾವಿಗೆ ಕೂತ ಹಕ್ಕಿ ಯಾಕಮ್ಮ ಅಲುಗುತ್ತೆ?"

ಅಷ್ಟೇ ಕೇಳಿದ. ಅವಳಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ಎರಡು ವರ್ಷ ಕೂತು ಬರೆದ ಪ್ರೋಗ್ರಾಮು! ಹಕ್ಕಿಗಳು ಹುಲ್ಲುಕಡ್ಡಿ ಹೊತ್ತು ಗಡಿಬಿಡಿಯಲ್ಲಿ ಓಡಾಡುವ ತಿಂಗಳಲ್ಲಿ ಪರೀಕ್ಷೆ ಮಾಡಿ, ಆಹಾ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದಳು. ಮೊಟ್ಟೆ ಇಟ್ಟ ಮೇಲೆ ತಾಯಿ ಕದಲದೆ ಕೂರುತ್ತದೆಂಬುದು ಗೊತ್ತಿಲ್ಲದ್ದೇನಲ್ಲ. ಗೊತ್ತಿತ್ತು, ಬರೆಯುವಾಗ ನೆನಪಾಗಲಿಲ್ಲ.

"ನಿಮಗೆ ಗೊತ್ತಿತ್ತಲ್ಲ, ಮತ್ತೆ ಯಾಕೆ ಮುಚ್ಚಿದ್ರಿ?"

"ಎರಡು ಕಡೆ ಅನುಮಾನ ಬಂತು. ನಿಮ್ಮಕ್ಕನಿಗೆ ಹೇಳ್ದೆ. ಕಂಪ್ಯೂಟರಿಗಿಂತ ನಿನಗೆ ಜಾಸ್ತಿ ಗೊತ್ತಾ ಅಂದ್ರು. ನಾನು ಕೂಲಿಯವನು, ಸುಮ್ಮನಾದೆ."

ಅವಳು ಉಳಿ, ಸುತ್ತಿಗೆ ಎತ್ತಿಕೊಂಡು ಏಣಿಗೆ ಕಾಲಿಟ್ಟಳು. ಅಷ್ಟರಲ್ಲಿ ಅಕ್ಕ ಬಂದಳು. ಗೋಡೆಯ ಮುಂದೆ ಕುರ್ಚಿ ಸಾಲಾಗಿ ಹಾಕಿಸಿಯಾಗಿತ್ತು. ವಿಷಯ ಕೇಳಿ ಅಕ್ಕನ ಮುಖ ಬಿಳಿಚಿಕೊಂಡಿತು, ಆದರೆ ಅವಳು ಏಣಿಯನ್ನು ಗಟ್ಟಿಯಾಗಿ ಹಿಡಿದು ತಂಗಿಯನ್ನು ತಡೆದಳು.

"ಮಧ್ಯಾಹ್ನದವರೆಗೆ ತಡ್ಕೊಳ್ಳೇ. ನಿನ್ನೆಯಿಂದ ಇದ್ದಾವಲ್ಲ, ಇನ್ನೊಂದಿಷ್ಟು ಹೊತ್ತು ಇರ್ತಾವೆ. ಈಗ ಗೋಡೆ ಒಡೆದ್ರೆ ನನ್ನ ಮಾನ ಏನಾಗ್ಬೇಕು?"

"ನಿನ್ನ ಮೂಗಿಗೆ ಗಾರೆ ಮೆತ್ತಿ ತಡ್ಕೋ ಅಂತೀನಿ, ತಡ್ಕೋತೀಯಾ? ಕೈ ತೆಗಿ ಅಕ್ಕ. ಇಲ್ಲಾಂದ್ರೆ ನಿನ್ನ ಕೈ ಮೇಲೇ ಸುತ್ತಿಗೆ ಬೀಳುತ್ತೆ."

ಅಕ್ಕ ಕೈ ತೆಗೆದಳು. ಮೇಸ್ತ್ರಿ ಇನ್ನೊಂದು ಏಣಿ ತಂದು, ಹೇಳಿಸಿಕೊಳ್ಳದೆ ಆ ಕಡೆಯಿಂದ ಶುರು ಮಾಡಿದ. ಗಾರೆ ಗಟ್ಟಿಯಾಗಿತ್ತು. ಜೋರಾಗಿ ಹೊಡೆದರೆ ಮೊಟ್ಟೆ ಒಡೆಯುವ ಭಯ, ಮೆಲ್ಲಗೆ ಹೊಡೆದರೆ ಹೊತ್ತು ಮೀರುವ ಭಯ. ಮೊದಲನೆಯ ಗೂಡು ತೆರೆದಾಗ ಹಕ್ಕಿ ಅವಳ ಕಿವಿಯ ಪಕ್ಕದಲ್ಲೇ ರೊಯ್ಯನೆ ಹಾರಿಹೋಯಿತು. ಹೀಗೆ ಐದು ಹಾರಿದವು. ಹಾರಿದ ತಾಯಿ ತಿರುಗಿ ಬರುತ್ತದೋ ಇಲ್ಲವೋ, ಯಾರಿಗೆ ಗೊತ್ತು? ತಣ್ಣಗಾಗಿದ್ದ ಎರಡು ಗೂಡುಗಳಲ್ಲಿ ತಾಯಿಹಕ್ಕಿಗಳು ಮೊಟ್ಟೆಯ ಮೇಲೆಯೇ ಸತ್ತಿದ್ದವು. ಮೇಸ್ತ್ರಿ ಅವನ್ನು ತೆಗೆದು ತನ್ನ ತಲೆವಸ್ತ್ರದ ಮೇಲೆ ಇಟ್ಟ. ಬೆಚ್ಚಗಿದ್ದ ಏಳರಲ್ಲಿ ಆರನೆಯದು ಬದುಕಿತ್ತು, ಏಳಲು ಶಕ್ತಿ ಇರಲಿಲ್ಲ.

ಅತಿಥಿಗಳು ಬಂದರು. ಗೋಡೆ ಮೈತುಂಬ ಗಾಯ, ಕುರ್ಚಿಗಳ ಮೇಲೆಲ್ಲ ಗಾರೆಯ ಪುಡಿ. ಏನಾಯಿತೆಂದು ಯಾರೋ ಕೇಳಿದರು.

"ಮೇಸ್ತ್ರಿ ಕಡೆಯಿಂದ ಸ್ವಲ್ಪ ಎಡವಟ್ಟಾಗಿದೆ," ಎಂದಳು ಅಕ್ಕ, ನಗುತ್ತಲೇ.

ಎಲ್ಲರೂ ಏಣಿಯ ಮೇಲಿದ್ದ ಮುದುಕನ ಕಡೆ ತಿರುಗಿದರು. ಅಕ್ಕನ ಬಾಯಿಗೆ ಅಷ್ಟು ಸಲೀಸಾಗಿ ಅವನ ಹೆಸರು ಬಂದಿತಲ್ಲ ಎಂದು ಗೂಡಮ್ಮನ ಮೈಯೆಲ್ಲ ಉರಿದುಹೋಯಿತು. ಬೆಳಿಗ್ಗೆ ತನ್ನ ಬಾಯಿಗೂ ಅಷ್ಟೇ ಸಲೀಸಾಗಿ ಬಂದಿತ್ತು ಎಂಬುದು ಇನ್ನೂ ಉರಿಯಿತು.

"ಸುಳ್ಳು. ತಪ್ಪು ಅವರದ್ದಲ್ಲ, ನನ್ನದು. ಹಕ್ಕಿ ಉಳಿಸ್ತೀನಿ ಅಂತ ನಾನು ಬರೆದ ಪ್ರೋಗ್ರಾಮು ಹಕ್ಕಿ ಕೂತಿರೋ ಗೂಡನ್ನೇ ಖಾಲಿ ಅಂತು. ಎರಡು ಸತ್ತಿವೆ, ಅಲ್ಲಿ ಬಟ್ಟೆ ಮೇಲಿವೆ, ನೋಡಿ. ನೋಡಿದ ಮೇಲೆ ದಯವಿಟ್ಟು ಎಲ್ಲರೂ ಇಲ್ಲಿಂದ ಹೋಗಿ. ಇನ್ನೂ ಒಂದು ಗೂಡು ತೆಗೀಬೇಕು."

ಕೊನೆಯ ಗೂಡಿನ ಗಾರೆ ಕಿತ್ತಾಗ ಯಾವುದೂ ಹಾರಲಿಲ್ಲ. ಬೆರಳು ಒಳಗಿಟ್ಟಳು. ಬೆಚ್ಚಗಿತ್ತು. ತಾಯಿ ಮೊಟ್ಟೆ ಬಿಟ್ಟು ಕದಲದೆ, ಸಿಟ್ಟಿನಿಂದ ಬೆರಳನ್ನು ರಕ್ತ ಬರುವಂತೆ ಕುಕ್ಕಿತು. ಅವಳು ಕೈ ಹಿಂದೆ ತೆಗೆದುಕೊಳ್ಳಲಿಲ್ಲ. ಅದು ಮತ್ತೆ ಕುಕ್ಕಿತು.