ಕಿಹಾಚಿಯ ಹೆಬ್ಬೆರಳು

ಕ್ಯಾಮೆರಾ ಮಸೂರದೊಳಗಿನ ಆ ಕಲೆ ಯಾರದೆಂದು ದಂತವೈದ್ಯ ಇಸೊಗೈಗೆ ತಿಳಿದದ್ದು, ಅದನ್ನು ಒರೆಸಿ ಹಾಕಿದ ಮೇಲೆ.

ಒಸಾಕಾದ ನಕಜಾಕಿ ಓಣಿಯಲ್ಲಿ ಮಸುಯೊಳ ಕಾಫಿ ಅಂಗಡಿಗೆ ಬುಧವಾರ ರಜೆ. ಆ ಮಧ್ಯಾಹ್ನ ಒಳಗೆ ಮೂವರೇ ಇದ್ದರು. ಕಿಟಕಿಯ ಪಕ್ಕ ನೀಲಿ ಕಿಮೊನೊ ಉಟ್ಟು, ಬೆನ್ನು ನೆಟ್ಟಗೆ ಮಾಡಿ ಕುಳಿತ ಮಸುಯೊ. ಅವಳ ಮುಖಕ್ಕೆ ಬೆಳಕು ಹೊರಳಿಸಲು ಬಿಳಿಯ ಮೇಲುಹಾಸು ಹಿಡಿದು ನಿಂತ ಹಾಸಿಗೆ ವ್ಯಾಪಾರಿ ತ್ಸುಕುದಾ. ಕ್ಯಾಮೆರಾ ಹಿಡಿದ ಇಸೊಗೈ. ಎಂಬತ್ತು ದಾಟಿದ ಮಸುಯೊ, ತನ್ನ ಅಂತ್ಯಕ್ರಿಯೆಯ ದಿನ ಹೂಗಳ ನಡುವೆ ಇಡಬೇಕಾದ ಭಾವಚಿತ್ರವನ್ನು ಈಗಲೇ ತೆಗೆಸಿಕೊಳ್ಳುತ್ತಿದ್ದಳು.

"ನಮ್ಮಕ್ಕ ಸ್ಟುಡಿಯೋದಲ್ಲಿ ತೆಗೆಸಿದ್ಲು," ಎಂದಳು. "ಸುಕ್ಕೆಲ್ಲ ತೀಡಿ ತೀಡಿ ಮೊಟ್ಟೆ ಮಾಡಿಟ್ಟಿದ್ರು. ಧೂಪ ಹಾಕೋಕೆ ಬಂದೋರು, ಯಾರ ಮನೇಗೆ ಬಂದ್ವಪ್ಪಾ ಅಂತ ವಾಪಸ್ ಹೋಗಿ ಬಾಗಿಲ ಮೇಲಿನ ಹೆಸರು ಓದ್ಕೊಂಡು ಬಂದ್ರು. ನಂಗದು ಬೇಡ. ಅವರ ಲೆನ್ಸಲ್ಲೇ ತೆಗಿ, ಇಸೊ."

ಅವರು ಎಂದರೆ ತೀರಿಕೊಂಡ ಗಂಡ ಕಿಹಾಚಿ. ಅಂಗಡಿಯ ಗೋಡೆಗಳ ತುಂಬ ಅವನು ತೆಗೆದ ಮಸುಯೊ ಇದ್ದಳು. ಒಂದರಲ್ಲಿ ಕಾಫಿ ಸೋಸುತ್ತಿದ್ದಳು, ಇನ್ನೊಂದರಲ್ಲಿ ಕೊಡೆ ಮಡಚುತ್ತಿದ್ದಳು, ಮತ್ತೊಂದರಲ್ಲಿ ಯಾರನ್ನೋ ಗದರುತ್ತಿದ್ದಳು. ಎಲ್ಲದರಲ್ಲಿಯೂ ಬೆಳಕು ಹಾಲಿನಂತೆ ಅಂಚು ಮೀರಿ ಅವಳ ಕೆನ್ನೆಯ ಮೇಲೆ ಒಸರಿತ್ತು. ಕಿಹಾಚಿಯ ಫಿಲಂ ಕ್ಯಾಮೆರಾ ಒಳಗೇ ಕೊಳೆತು ಹೋಗಿತ್ತು. ಉಳಿದದ್ದು ಅದರ ಮಸೂರ ಮಾತ್ರ. ಅದನ್ನು ತನ್ನ ಹೊಸ ಡಿಜಿಟಲ್ ಕ್ಯಾಮೆರಾಕ್ಕೆ ಕೂರಿಸಿದರೆ ಫಿಲಂನ ಅದೇ ಮೆದು ಬೆಳಕು ಬಂದೇ ಬರುತ್ತದೆಂದು ಭರವಸೆ ಕೊಟ್ಟವನು ಇಸೊಗೈ. ಆ ಅಂಗಡಿಯಲ್ಲಿ ಸೇರುವ ಫೋಟೋ ಬಳಗದಲ್ಲಿ ಹಳೆಯ ಮಸೂರಗಳ ವಿಷಯಕ್ಕೆ ಅವನ ಮಾತೇ ಕೊನೆಯ ಮಾತು.

ಇಸೊಗೈ ಗುಂಡಿ ಒತ್ತಿದ. ಈ ಬಗೆಯ ಕ್ಯಾಮೆರಾದಲ್ಲಿ ಕಣ್ಣಿಡುವ ಕಿಂಡಿ ಬೇರೆ, ಮಸೂರ ಬೇರೆ. ಮಸೂರ ಏನು ಕಂಡಿತೆಂಬುದು ಚಿತ್ರ ತೆಗೆದ ಮೇಲೆಯೇ ತಿಳಿಯುತ್ತದೆ. ಅವನು ಹಿಂಬದಿಯ ಪರದೆ ನೋಡಿದ. ಒಂದೊಂದು ಸುಕ್ಕೂ ಉಳಿಯಲ್ಲಿ ಕೆತ್ತಿದಂತೆ ಎದ್ದು ನಿಂತಿತ್ತು. ಹಾಲಿನಂಥ ಬೆಳಕು ಎಲ್ಲಿಯೂ ಇರಲಿಲ್ಲ.

"ಏನ್ ಸೆನ್ಸೈ, ಮುಚ್ಚಳ ತೆಗೆಯೋದು ಮರೆತ್ರಾ?" ತ್ಸುಕುದಾ ಡಾಕ್ಟರನ್ನು ಕಿಚಾಯಿಸಿದ. "ಮುಖ ನೋಡಿದ್ರೆ ತಪ್ಪು ಹಲ್ಲು ಕಿತ್ತೋರ ಥರ ಇದೆ."

ಇಸೊಗೈ ನಕ್ಕಂತೆ ಮಾಡಿದ. ಕಾರಣ ಅವನಿಗೆ ಗೊತ್ತಿತ್ತು. ಮಸುಯೊ ಕೊಟ್ಟ ದಿನ ಮನೆಯಲ್ಲಿ ಮಸೂರವನ್ನು ದೀಪಕ್ಕೆ ಹಿಡಿದಾಗ ಒಳಗಾಜಿನ ಮೇಲೆ ಮಂಜು ಕಂಡಿತ್ತು. ಮಂಜಿನ ನಡುವೆ ಒಂದು ಜಿಡ್ಡಿನ ಗುರುತು. ಇಂಥ ಮಂಜೇ ಹಳೆಯ ಮಸೂರದ ಜೀವವೆಂದು ಊರಿಗೆಲ್ಲ ಉಪದೇಶ ಮಾಡಿದವನಿಗೆ ಅಂದು ಕೈ ಕಡಿಯತೊಡಗಿತು. ಹಲ್ಲಿನ ಉಪಕರಣಗಳಿಂದ ಅದನ್ನು ಬಿಚ್ಚಿ, ತೆಳು ಕಾಗದವನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಗಾಜು ಫಳಫಳ ಎನ್ನುವವರೆಗೆ ಒರೆಸಿದ. ಪರೀಕ್ಷಿಸುವ ಗೋಜಿಗೂ ಹೋಗಲಿಲ್ಲ. ಬಳಗ ಸೇರಿದಾಗ, ಮಸುಯೊ ಅಡಿಗೆಮನೆಯಲ್ಲಿದ್ದ ಹೊತ್ತು ನೋಡಿ ಬಡಾಯಿ ಕೊಚ್ಚಿಕೊಂಡಿದ್ದ: "ಯಾವನೋ ದನ ಕಾಯೋನು ಒಳಗಡೆ ಹೆಬ್ಬೆಟ್ಟು ಒತ್ತಿಟ್ಟಿದ್ದ ಕಣ್ರೋ! ಹಲ್ಲಿನ ಪಾಚಿ ತೆಗೆದ ಹಾಗೆ ತೆಗೆದೆ." ಎಲ್ಲರಿಗಿಂತ ಜೋರಾಗಿ ನಕ್ಕವನು ತ್ಸುಕುದಾ.

"ಮುಚ್ಚಳ ಅಂದ್ಯಲ್ಲ," ಮಸುಯೊ ಕುಳಿತಲ್ಲಿಯೇ ನಕ್ಕಳು. "ನಮ್ಮೋರೂ ಅಷ್ಟೇ. ಮದುವೆ ಆದ ಹೊಸದ್ರಲ್ಲಿ ಸಮುದ್ರ ತೋರಿಸ್ತೀನಿ ಅಂತ ಕರ್ಕೊಂಡು ಹೋಗಿ, ಇಡೀ ದಿನ ಮುಚ್ಚಳ ಹಾಕ್ಕೊಂಡೇ ತೆಗೆದ್ರು. ಇನ್ನೊಂದ್ಸಲ ಈ ಲೆನ್ಸನ್ನ ಅಗೋ ಆ ಮೇಜಿನ ಮೇಲೆ ಬಿಚ್ಚಿದ್ರು. ತಾಕೊಯಾಕಿ ಬೋಂಡ ತಿಂದು ಕೈತುಂಬ ಎಣ್ಣೆ. ಒಳಗಡೆ ಗಾಜಿಗೇ ಹೆಬ್ಬೆರಳು ಒತ್ತಿಬಿಟ್ರು. ನಾನು ಬೈದೆ, ಒರೆಸ್ರೀ ಅಂತ. ಅವರು, ಇರ್ಲಿ ಬಿಡೇ, ಇನ್ಮೇಲೆ ನಿನ್ನ ಪಟ ತೆಗೆದಾಗೆಲ್ಲ ನಿನ್ನ ಕೆನ್ನೆ ಮೇಲೆ ನನ್ನ ಬೆರಳಿರುತ್ತೆ ಅಂದ್ರು." ಅವಳು ಕಿಟಕಿಯತ್ತ ಮುಖ ತಿರುಗಿಸಿದಳು. "ಕೊನೇ ಪಟದಲ್ಲೂ ಇರ್ಲಿ ಅಂತಾನೇ ನಿನ್ನ ಕರೆದದ್ದು."

ತ್ಸುಕುದಾನ ಕೈಯಲ್ಲಿದ್ದ ಬಟ್ಟೆ ಮೆಲ್ಲನೆ ಕೆಳಗಿಳಿಯಿತು. ಇಬ್ಬರ ಕಣ್ಣುಗಳೂ ಒಮ್ಮೆ ಕಲೆತವು. ಊರಿನ ಗುಟ್ಟನ್ನೆಲ್ಲ ಬಾಯಲ್ಲೇ ಹೊತ್ತು ತಿರುಗುವ ಆ ಮನುಷ್ಯ ಈಗ ತುಟಿ ಬಿಗಿಹಿಡಿದು ನೆಲ ನೋಡುತ್ತಿದ್ದ. ಅವನು ಕೂಗಿ ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತು ಎನ್ನಿಸಿತು ಇಸೊಗೈಗೆ.

"ಒಂದ್ನಿಮಿಷ, ಧೂಳು ಕೂತಿದೆ," ಎಂದು ಇಸೊಗೈ ಬೆನ್ನು ತಿರುಗಿಸಿದ. ಹೆಬ್ಬೆರಳನ್ನು ಮೂಗಿನ ಪಕ್ಕಕ್ಕೆ ತಿಕ್ಕಿ, ಬೆವರು ಜಿಡ್ಡಿನ ಸಮೇತ ಮಸೂರದ ಹೊರಗಾಜಿನ ಮೇಲೆ ಒತ್ತಿದ. ತಿರುಗಿ ನಿಂತು ಮತ್ತೆ ಚಿತ್ರ ತೆಗೆದ. ಪರದೆಯಲ್ಲಿ ಬೆಳಕು ಒಸರಿತು. ಕಿಟಕಿಯ ಬಿಳುಪು ಕರಗಿ ಅವಳ ಕೆನ್ನೆಗೆ ಹರಿಯಿತು.

ಮಸುಯೊ ಕ್ಯಾಮೆರಾವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದಳು. "ಬಂದ್ರು," ಎಂದಳು. "ನೋಡೋ ತ್ಸುಕುದಾ, ಬಂದ್ರು."

ತ್ಸುಕುದಾ ನೋಡಲಿಲ್ಲ.

ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಅವಳು ಕೈ ಚಾಚಿದಳು. "ಲೆನ್ಸು ಬಿಚ್ಚಿ ಕೊಡು. ಮೊದ್ಲೆಲ್ಲ ದೀಪಕ್ಕೆ ಹಿಡಿದು ನೋಡ್ತಿದ್ದೆ." ಕೊಟ್ಟ. ಅವಳು ಅದನ್ನು ಮೇಜಿನ ದೀಪಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿದಳು, ಇನ್ನೊಂದು ಮುಚ್ಚಿದಳು. "ಊಹೂಂ. ಈಗ ನನ್ನ ಕಣ್ಣಿಗೂ ಮಂಜು ಕಟ್ಟಿದೆ. ನೀನೇ ನೋಡು, ಇಸೊ. ಬೆರಳು ಇದೆಯಾ?"

ಇಸೊಗೈ ಬಾಗಿ ನೋಡಿದ. ಬೆರಳು ಇತ್ತು. ಗೆರೆ ಗೆರೆಯೂ ಎಣಿಸುವಷ್ಟು ಸ್ಪಷ್ಟವಾಗಿ, ಹಸಿಹಸಿಯಾಗಿ, ಒಂದು ಹೆಬ್ಬೆರಳು ದೀಪದ ಬೆಳಕಿನಲ್ಲಿ ಹೊಳೆಯುತ್ತಿತ್ತು. ಇದೆ ಎಂದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ಆ ಒಂದು ಮಾತು ನಾಲಗೆಯ ತುದಿಗೆ ಬಂದೇಬಿಟ್ಟಿತು.

"ಇರೋದು ನಂದು," ಎಂದ ಇಸೊಗೈ. "ಈಗಷ್ಟೇ ಒತ್ತಿದ್ದು. ಅವರದನ್ನ... ನಾನು ಒರೆಸಿಬಿಟ್ಟೆ, ಅಮ್ಮಾ. ಗೊತ್ತಿರ್ಲಿಲ್ಲ. ಒರೆಸು ಅಂತ ಯಾರೂ ಕೇಳಿರ್ಲಿಲ್ಲ. ಕೈಚಳಕ ತೋರಿಸೋಕೆ ಒರೆಸಿದೆ."

ಅವನು ಹಣೆ ಮೇಜಿಗೆ ತಾಗುವಷ್ಟು ಬಾಗಿದ. ಬಾಗಿದಷ್ಟೂ ಸಾಲದೆನ್ನಿಸಿತು. ಬೈಗುಳಕ್ಕಾಗಿ ಕಾದ. ಬರಲಿಲ್ಲ.

"ಯಾವುದ್ರಲ್ಲಿ ಒರೆಸಿದೆ?"

"ಕಾಗದದಲ್ಲಿ."

"ಎಲ್ಲಿದೆ ಅದು?"

ಅವಳ ಬಲಗೈ ಆಗಲೇ ಮುಂದೆ ಬಂದಿತ್ತು, ಅಂಗೈ ಮೇಲಾಗಿ. ಅದನ್ನು ಕಂಡಾಗ ಇಸೊಗೈಗೆ ನೆಲ ಬಿರಿಯಬಾರದೇ ಎನ್ನಿಸಿತು.

"ಸುಡೋ ಕಸದ ಚೀಲಕ್ಕೆ ಹಾಕಿದ್ದೆ. ತಗೊಂಡು ಹೋದ್ರು."

ಚಾಚಿದ ಕೈ ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಬಳಿಕ ಮಡಿಲಿಗೆ ಹಿಂದಿರುಗಿತು.

"ಹಾಗಾದ್ರೆ ಎರಡು ಸಲ ಸುಟ್ಟ ಹಾಗಾಯ್ತು, ಅವರನ್ನ," ಎಂದಳು.

ಮಸುಯೊ ಎದ್ದು, ಕಪಾಟಿನಿಂದ ಮೆದುವಾದ ಬಟ್ಟೆ ತಂದು, ಮಸೂರದ ಮೇಲಿನ ಹಸಿ ಗುರುತನ್ನು ತಾನೇ ನಿಧಾನವಾಗಿ ಒರೆಸಿದಳು. ಆಮೇಲೆ ಕಿಟಕಿಯ ಪಕ್ಕ ಕುಳಿತು ಕಾಲರು ಸರಿಪಡಿಸಿಕೊಂಡಳು.

"ಅದನ್ನ ಅಳಿಸಿಬಿಡಿ. ಇನ್ನೊಂದು ತೆಗೀರಿ, ಇಸೊಗೈ-ಸಾನ್. ಮುಖ ಹೇಗಿದೆಯೋ ಹಾಗೆ ಬರ್ಲಿ."

ವಿದ್ಯಾರ್ಥಿಯಾಗಿದ್ದಾಗ ಇದೇ ಅಂಗಡಿಯಲ್ಲಿ ಸಾಲದ ಅನ್ನ ಉಂಡ ದಿನದಿಂದ ಅವನು ಆ ಬಾಯಲ್ಲಿ ಬರಿಯ ಇಸೊ ಆಗಿದ್ದ. ಹೊರಗಿನವರಿಗೆ ಹಚ್ಚುವ ಆ 'ಸಾನ್' ಇಂದೇ ಮೊದಲು. ಅವನು ಚಿತ್ರ ಅಳಿಸಿ, ಕ್ಯಾಮೆರಾಕ್ಕೆ ಮಸೂರ ಸೇರಿಸಿದ. ತ್ಸುಕುದಾ ಬಿಳಿಯ ಬಟ್ಟೆಯನ್ನು ಮತ್ತೆ ಎತ್ತಿ ಹಿಡಿದ.

"ಕೈ ಬೆವರಿದೆ, ಒರೆಸ್ಕೊಳ್ಳಿ," ಎಂದಳು ಮಸುಯೊ. "ಗಾಜಿಗೆ ತಾಗೀತು."

ಇಸೊಗೈ ಕೈಗಳನ್ನು ಅಂಗಿಗೆ ಒರೆಸಿಕೊಂಡ. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಕೊಂಡು, ಉಳಿದ ಬೆರಳುಗಳಿಂದಲೇ ಕ್ಯಾಮೆರಾ ಎತ್ತಿದ.